ಬಲ್ಬಿಲ್ಲದ ನಕ್ಷತ್ರ

ನನ್ನ ಗಂಡ ಅನೀಶ ಅದನ್ನು ರ‍್ಯಾಂಚ್ ಎನ್ನುತ್ತಿದ್ದ. ರಜೆಗೆ ಎಲ್ಲಿಗೆ ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ "ನಮ್ಮ ರ‍್ಯಾಂಚಿಗೆ" ಎಂದು ಹೇಳಿ ಅವರ ಮುಖ ನೋಡುತ್ತಿದ್ದ. ಸುತ್ತಲಿನವರಿಗೆ ಅದು ತಬೇಲಾ. ಅತ್ತೆಗೆ ಹಟ್ಟಿ.

ಕಲ್ಯಾಣದಿಂದ ಮುರ್ಬಾಡ್ ರಸ್ತೆ ಹಿಡಿದು, ಉಲ್ಹಾಸ್ ನದಿ ದಾಟಿ, ಎಡಕ್ಕೆ ತಿರುಗಿದರೆ ಒಂದು ಕಬ್ಬಿಣದ ಗೇಟು. ಒಳಗೆ ಹಂಚಿನ ಮನೆ, ತಗಡಿನ ಎರಡು ಉದ್ದ ಹಟ್ಟಿಗಳು, ಹುಲ್ಲಿನ ಗದ್ದೆ, ಮೂವತ್ತರ ಹತ್ತಿರ ಎಮ್ಮೆ ದನಗಳು. ಮಾವ ಬೋನ ಪರ್ಬು ಶಿರ್ವದಿಂದ ಬಂದವರು. ಠಾಣೆ, ಡೊಂಬಿವಲಿಯ ಉಡುಪಿ ಹೋಟೆಲುಗಳಿಗೆ ಹಾಲು ಹಾಕುತ್ತಾ ಇದನ್ನು ಕಟ್ಟಿದರು. ನಾನು ಮದುವೆಯಾಗಿ ಬರುವಾಗಲೇ ಅವರು ಫೋಟೋ ಆಗಿದ್ದರು.

ಅನೀಶ ಹೋದದ್ದು ಈ ಏಪ್ರಿಲಿನಲ್ಲಿ. ಜ್ವರ ಬಂತು. ವಾರ ಕಳೆಯುವುದರೊಳಗೆ ಅವನಿರಲಿಲ್ಲ. ಠಾಣೆಯ ಬಾಡಿಗೆ ಮನೆ ಬಿಟ್ಟು ನಾನು ಡೊಂಬಿವಲಿಗೆ, ಅಮ್ಮನ ಮನೆಗೆ ಬಂದೆ. ಐರೋಲಿಯ ಕಚೇರಿಗೆ ಹೋಗುತ್ತೇನೆ, ಬರುತ್ತೇನೆ. ಹೇಗಿದ್ದೀ ಎಂದು ಕೇಳಿದವರಿಗೆ ಇದ್ದೇನೆ ಎನ್ನುತ್ತೇನೆ. ಅದು ಸುಳ್ಳಲ್ಲ.

ಡಿಸೆಂಬರಿನ ಮೊದಲ ವಾರ ಅತ್ತೆ ಫೋನ್ ಮಾಡಿದರು. ಅವರ ಹೆಸರು ಸೆವ್ರಿನ್. ಮಕ್ಕಳ ಹತ್ತಿರ ಕೊಂಕಣಿ, ನನ್ನ ಹತ್ತಿರ ಕನ್ನಡ; ಕ್ರಿಸ್ಮಸ್ ಮಾತ್ರ ಎಲ್ಲರ ಹತ್ತಿರವೂ ನತಾಲ್.

"ನತಾಲಿಗೆ ಬಾ ಅಂತ ಕರೀಲಿಕ್ಕೆ ಇಲ್ಲ ಈ ವರ್ಷ," ಅಂದರು. "ಹಬ್ಬ ಇಲ್ಲ. ಆದ್ರೂ ಬಾ. ಒಂದು ವಿಷಯ ನೀನೇ ಹೇಳ್ಬೇಕು."

"ಎಂತ ಅತ್ತೆ?"

"ಹಾಲಿನದ್ದು."

ಹಾಲಿನದ್ದು ಎಂದರೆ ಹರಕೆ. ಅನೀಶ ಆರು ತಿಂಗಳ ಕೂಸಾಗಿದ್ದಾಗ ಜ್ವರ ತಲೆಗೇರಿ ಕಣ್ಣು ಮೇಲಾಗಿತ್ತಂತೆ. ಅದು ಕ್ರಿಸ್ಮಸ್ಸಿನ ಹಿಂದಿನ ಸಂಜೆ. ನದಿಯಾಚೆ ಹೋಗಲು ಗಾಡಿ ಸಿಗಲಿಲ್ಲ. ಅತ್ತೆ ಕೂಸನ್ನು ಹಟ್ಟಿಗೆ ತಂದು, ಬಾಲ ಏಸುವಿಗಾಗಿ ಒಣಹುಲ್ಲು ಹಾಸಿಟ್ಟಿದ್ದ ಕಲ್ಲಿನ ಗೋದಲಿಯಲ್ಲಿ ಮಲಗಿಸಿ, ಈ ಮಗು ಉಳಿದರೆ ನತಾಲ್ ದಿನದ ಹಾಲು ಎಂದೂ ಮಾರುವುದಿಲ್ಲ ಎಂದು ಹೇಳಿಕೊಂಡರು. ಬೆಳಗಿನೊಳಗೆ ಜ್ವರ ಇಳಿಯಿತು. ಆ ದಿನದ ಅಷ್ಟೂ ಹಾಲನ್ನು ಹಳ್ಳದಾಚೆಯ ಪಾಡಕ್ಕೆ, ಅಂದರೆ ಆದಿವಾಸಿಗಳ ಕೇರಿಗೆ, ಅಳೆದು ಕೊಟ್ಟರು. ಆಮೇಲೆ ಪ್ರತಿ ವರ್ಷ ಹಾಗೆಯೇ. ಪಾಡದ ಹೆಂಗಸರು ಬೆಳಿಗ್ಗೆ ಪಾತ್ರೆ ಹಿಡಿದು ಗೇಟಿನ ಒಳಗೆ ಬರುತ್ತಿದ್ದರು. ದೊಡ್ಡವನಾದ ಮೇಲೆ ಅಳೆಯುವ ಕೆಲಸ ಅನೀಶನದು. ನಮ್ಮ ಮದುವೆಯಾದ ಮೇಲೆ ಪಾತ್ರೆ ಹಿಡಿಯುವವಳು ನಾನು.

"ಲ್ಯಾನ್ಸಿ ಹೇಳ್ತಾನೆ, ಹರಕೆ ಮುಗೀತು ಅಂತ," ಅತ್ತೆ ಫೋನಿನಲ್ಲಿ ಹೇಳಿದರು. ಲ್ಯಾನ್ಸಿ ನನ್ನ ಮೈದುನ. ಈಗ ಹಟ್ಟಿ ನೋಡಿಕೊಳ್ಳುವವನು ಅವನೇ. "ನನಗೆ ಗೊತ್ತಾಗುದಿಲ್ಲ. ಹಬ್ಬ ಬೇಡ ಅಂತ ಹೇಳಲಿಕ್ಕೆ ನನಗೆ ಆಗ್ತದೆ. ಹರಕೆ ಹಬ್ಬ ಅಲ್ಲ ಬಾಯೆ. ಅದು ಅವನದ್ದು. ಅವನ ಹೆಂಡತಿ ನೀನು. ನೀನು ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ."

ಅವರು ಸ್ವಲ್ಪ ಹೊತ್ತು ಕಾದು ಫೋನ್ ಇಟ್ಟರು.

ಅಮ್ಮನಿಗೆ ಹೇಳಿದೆ. ನಾವು ಪಡುಬಿದ್ರಿ ಕಡೆಯವರು. ಮನೆಯಲ್ಲಿ ತುಳು, ವರ್ಷಕ್ಕೊಮ್ಮೆ ಊರಿನ ದೈವಕ್ಕೆ ಕಾಣಿಕೆ. ನಾನು ಕ್ರಿಶ್ಚಿಯನ್ನರ ಮನೆ ಸೇರುತ್ತೇನೆ ಎಂದಾಗ ಅಮ್ಮ ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಈಗ ಬಟ್ಟೆ ಮಡಚುತ್ತಾ, "ದೈವದ್ದಾದ್ರೂ ಏಸುವಿನದ್ದಾದ್ರೂ ಹರಕೆ ಅಂದ್ರೆ ಹರಕೆ. ಹೋಗಿ ಬಾ. ಇಲ್ಲಿ ಕೂತು ಫ್ಯಾನ್ ನೋಡುವುದಕ್ಕಿಂತ ಒಳ್ಳೇದು," ಅಂದಳು.

ಇಪ್ಪತ್ತಮೂರರ ಸಂಜೆ ತಮ್ಮ ಯತಿನ್ ಬೈಕಿನಲ್ಲಿ ಗೇಟಿನವರೆಗೆ ಬಿಟ್ಟ. ಕನ್ನಡದಲ್ಲಿ ಹೇಳಿದ್ದು ಅವನಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ.

"ಒಳಗೆ ಬಾ, ಅತ್ತೆ ಬೇಜಾರು ಮಾಡ್ಕೊಳ್ತಾರೆ."

"ನಹೀಂ ದೀದಿ. ಆಂಟಿ ಕೋ ದೇಖ್ ಕೇ ಮೈಂ ಕ್ಯಾ ಬೋಲೂ?" ಅವರ ಮುಂದೆ ಏನು ಮಾತಾಡಲಿ ಎಂದು ಹೆಲ್ಮೆಟ್ ತೆಗೆಯದೆ ಬೈಕ್ ತಿರುಗಿಸಿಕೊಂಡು ಹೋದ.

ಗೇಟಿನ ಪಕ್ಕದ ಎತ್ತರದ ಬಿದಿರು ಬರಿದಾಗಿತ್ತು. ಬೇರೆ ವರ್ಷಗಳಲ್ಲಿ ಇಷ್ಟು ಹೊತ್ತಿಗೆ ಅದರ ತುದಿಗೆ ರಾಟೆ ಕಟ್ಟಿ, ಹಗ್ಗ ಬಿಟ್ಟು, ನಕ್ಷತ್ರಕ್ಕೆ ಎಲ್ಲ ತಯಾರಾಗಿರುತ್ತಿತ್ತು. ಅನೀಶ ಅಂಗಡಿಯ ನಕ್ಷತ್ರ ತರುತ್ತಿರಲಿಲ್ಲ. ನದಿ ದಂಡೆಯ ಬಿದಿರು ಸೀಳಿ, ಗಾಳಿಪಟದ ಕಾಗದ ಅಂಟಿಸಿ ತಾನೇ ಕಟ್ಟುತ್ತಿದ್ದ. ಅಳತೆ ಎನ್ನುವುದು ಅವನಿಗಿರಲಿಲ್ಲ. ಐದು ಮೂಲೆಗಳಲ್ಲಿ ಒಂದು ಯಾವಾಗಲೂ ಉದ್ದ.

ಮನೆಯೊಳಗೆ ಎಣ್ಣೆಯ ವಾಸನೆ ಇರಲಿಲ್ಲ. ಸಾವಾದ ಮನೆಯಲ್ಲಿ ಮೊದಲ ಕ್ರಿಸ್ಮಸ್ಸಿಗೆ ಎಣ್ಣೆ ಒಲೆಗೇರುವುದಿಲ್ಲ. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳಾದ ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್, ಎಲ್ಲವೂ ಬೇರೆಯವರ ಮನೆಯಿಂದ ಬರಬೇಕು. ಕಲ್ಯಾಣದ ಇಗರ್ಜಿಯವರು, ಅಂದರೆ ಚರ್ಚಿನ ಜನ, ತಂದಿಟ್ಟ ತಟ್ಟೆಗಳು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿದ್ದವು. ಮೇಲೆ ಕ್ರೋಶಾ ಬಟ್ಟೆ. ಸಾಧಾರಣ ವರ್ಷದಲ್ಲಿ ಅಂಥ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಈ ವರ್ಷ ಬರಿದಾಗಿಯೇ ಹಿಂದಿರುಗಿಸಬೇಕು. ಅತ್ತೆ ತೊಳೆದ ತಟ್ಟೆಗಳನ್ನು ಕವುಚಿ ಇಟ್ಟಿದ್ದರು.

"ತಿನ್ನು," ಎಂದು ಒಂದು ನೆವ್ರಿ ಕೈಗಿಟ್ಟರು. "ನಮ್ಮ ಇಗರ್ಜಿಯ ಸ್ಟೆಲ್ಲಾ ಮನೇದು. ಸಕ್ಕರೆ ಹಾಕಲಿಕ್ಕೆ ಅವಳಿಗೆ ಜೀವ ಹೋಗ್ತದೆ. ಆದ್ರೂ ತಿನ್ನು."

ತಿಂದೆ. ಹಾಲಿನ ಮಾತು ಆ ದಿನ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹಟ್ಟಿಯಲ್ಲಿ ಲ್ಯಾನ್ಸಿ ಸಿಕ್ಕಿದ. ಮೇವು ಕತ್ತರಿಸುವ ಯಂತ್ರದ ಸದ್ದು ನಿಲ್ಲಿಸಿ ನನ್ನ ಹತ್ತಿರ ಬಂದ. ಗಡ್ಡ ಬಿಟ್ಟಿದ್ದ. ಅಣ್ಣನಂತೆ ಕಾಣಬಹುದು ಎಂದು ಹೆದರಿದ್ದೆ. ಕಾಣಲಿಲ್ಲ.

"ಅತ್ತಿಗೆ, ಬೇಡ ಅಂತ ಹೇಳಿಬಿಡಿ. ಮಮ್ಮಿ ನಿಮ್ಮ ಮಾತು ಕೇಳ್ತಾರೆ."

"ನಿನಗೆ ಯಾಕೆ ಬೇಡ?"

"ಯಾರ ಹೆಸರಲ್ಲಿ ಹರಕೆಯೋ ಅವನೇ ಇಲ್ಲ. ಇನ್ನು ಯಾರಿಗೋಸ್ಕರ? ದೇವರು ತನ್ನ ಮಾತು ಉಳಿಸಿಕೊಂಡಿದ್ದಾನಾ?"

ನಾನು ಹತ್ತಿರದ ಎಮ್ಮೆಗೆ ಒಂದು ಹಿಡಿ ಹುಲ್ಲು ಹಾಕಿದೆ.

"ಹಾಲಿನ ದುಡ್ಡಿಗೋಸ್ಕರ ಅಲ್ಲ, ಮತ್ತೆ ಹಾಗೆ ತಿಳ್ಕೊಬೇಡಿ. ಟೆಂಪೋದವನಿಗೆ ನಾಳೆ ಬೆಳಿಗ್ಗೆ ಬಾ ಅಂತ ಹೇಳಿದ್ದೇನೆ. ಮಾರುದು ಬೇಡ ಅಂದ್ರೆ ಖಾಲಿ ಕಳಿಸ್ತೇನೆ, ಟೆನ್ಶನ್ ಇಲ್ಲ." ಕೈಯ ಹುಲ್ಲಿನ ಚೂರುಗಳನ್ನು ಒಂದೊಂದಾಗಿ ತೆಗೆಯತೊಡಗಿದ. "ಹೋದ ವರ್ಷ ನಾನು ಕ್ಯಾನ್ ಎತ್ತಿ ಕೊಡ್ತಾ ಇದ್ದೆ, ಅವನು ಅಳೀತಾ ಇದ್ದ. ನನಗೆ ಬೈತಾ ಇದ್ದ, ಮೆಲ್ಲ ಎತ್ತು ಕೋಣ ಅಂತ. ಈಗ ಕ್ಯಾನ್ ಎತ್ತಿ ಯಾರಿಗೆ ಕೊಡಲಿ, ಹೇಳಿ?"

ಯಂತ್ರ ಮತ್ತೆ ಸದ್ದು ಮಾಡಿತು.

ಮಧ್ಯಾಹ್ನ ಚಂದ್ರಬಾಯಿ ಬಂದಳು. ಪಾಡದವಳು. ದಿನಕ್ಕೆರಡು ಹೊತ್ತು ಹಟ್ಟಿ ತೊಳೆದು ಹಾಲು ಕರೆಯುತ್ತಾಳೆ. ಲ್ಯಾನ್ಸಿ ಹುಟ್ಟುವ ಮೊದಲಿಂದ ಇಲ್ಲಿದ್ದಾಳೆ. ನನ್ನನ್ನು ಕಂಡು ಹತ್ತಿರ ಬಂದು, ಗಲ್ಲ ಮುಟ್ಟಿ, "ಬಾರೀಕ್ ಝಾಲೀಸ್," ಅಂದಳು. ಸೊರಗಿದ್ದೀಯ ಎಂದು. ಆಮೇಲೆ ಅಂಗಳದಲ್ಲಿ ನಿಂತು ಬಿದಿರಿನ ತುದಿ ನೋಡಿದಳು.

"ತಾರಾ ನಾಯ್ ಲಾವಣಾರ್ ಕಾ ಔಂದಾ?" ಎಂದು ಅತ್ತೆಯನ್ನು ಕೇಳಿದಳು. ಈ ವರ್ಷ ನಕ್ಷತ್ರ ಹಾಕುವುದಿಲ್ಲವೇ?

"ನಾಯ್. ಈ ವರ್ಷ ಇಲ್ಲ," ಅತ್ತೆ ಅಂದರು. "ಗೋದಲಿಯೂ ಇಲ್ಲ, ತಾರಾನೂ ಇಲ್ಲ."

"ಬರಂ," ಆಗಲಿ, ಎಂದಳು ಚಂದ್ರಬಾಯಿ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಸೆರಗು ಸಿಕ್ಕಿಸಿಕೊಂಡು ಹಟ್ಟಿಗೆ ಹೋದಳು.

ಅವಳು ಅದನ್ನು ಯಾಕೆ ಕೇಳಿದಳೆಂದು ಅತ್ತೆಗಾಗಲಿ ನನಗಾಗಲಿ ಹೊಳೆಯಲಿಲ್ಲ.

ಸಂಜೆ ಅತ್ತೆಯೂ ಲ್ಯಾನ್ಸಿಯೂ ಕಲ್ಯಾಣದ ಇಗರ್ಜಿಯ ಪೂಜೆಗೆ ಹೋದರು. ಅತ್ತೆ ಕಪ್ಪು ಸೀರೆ ಉಟ್ಟಿದ್ದರು. ಗೇಟಿನ ತನಕ ಹೋದವರು ಹಿಂದೆ ಬಂದು, "ನಾನು ಬಂದ ಮೇಲೆ ಹೇಳು ಆಯ್ತಾ," ಅಂದರು. "ಏನಾದ್ರೂ ಸರಿ. ಹೇಳದೆ ಮಾತ್ರ ಇರ್ಬೇಡ. ಸುಮ್ಮನಿದ್ದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ."

ನಾನು ಹಟ್ಟಿಗೆ ಹೋದೆ. ಚಂದ್ರಬಾಯಿ ಸಂಜೆಯ ಹಾಲು ಕರೆಯುತ್ತಿದ್ದಳು. ಯಂತ್ರ ಇದೆ, ಕೆಲವು ಎಮ್ಮೆಗಳು ಯಂತ್ರಕ್ಕೆ ಕೊಡುವುದಿಲ್ಲ, ಅವಕ್ಕೆ ಅವಳ ಕೈಯೇ ಬೇಕು. ಬಿಸಿನೀರಿನ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಕೆಚ್ಚಲು ಒರೆಸಿದಳು. ನೀಲಿ ಚೌಕಳಿಯ ಬಟ್ಟೆ. ಅದು ಅನೀಶನ ಅಂಗಿಯ ತೋಳು ಎಂದು ನನಗೆ ಗೊತ್ತಾಯಿತು. ಈ ಮನೆಯಲ್ಲಿ ಹಳೆಯ ಬಟ್ಟೆ ಹಾಗೆಯೇ ಹಟ್ಟಿಗೆ ಬರುತ್ತದೆ. ಅವನು ಬದುಕಿದ್ದಾಗಲೂ ಬರುತ್ತಿತ್ತು. ನೋಡುತ್ತಾ ನಿಂತೆ. ಏನಾದರೂ ಆಗುತ್ತದೋ ಎಂದು ಕಾದೆ. ಏನೂ ಆಗಲಿಲ್ಲ.

ಆ ಕಲ್ಲಿನ ಗೋದಲಿ ಹಟ್ಟಿಯ ಕೊನೆಯಲ್ಲಿದೆ. ಈಗ ಅದರಲ್ಲಿ ಮೇವು ಹಾಕುವುದಿಲ್ಲ. ಒಳಗೆ ಒಂದು ಬಕೆಟ್ಟು, ಹಗ್ಗದ ಸುರುಳಿ. ಒಂದು ಕೂಸು ಮಲಗುವಷ್ಟು ಜಾಗ ನಿಜವಾಗಿಯೂ ಇತ್ತು. ಬಕೆಟ್ಟು ತೆಗೆದು ನೋಡಿದೆ. ಕೈಯಿಟ್ಟೆ. ಒರಟು ಕಲ್ಲು. ಅತ್ತೆಗೆ ಆಗ ನನಗಿಂತ ಕಡಿಮೆ ವಯಸ್ಸು. ನದಿಯಾಚೆ ಆಸ್ಪತ್ರೆ, ಈಚೆ ಅವರು. ಬೆಳಗಿನ ತನಕ ಇಲ್ಲಿ ಕುಳಿತಿದ್ದರು. ಬೆಳಿಗ್ಗೆ ಕೂಸು ಕಣ್ಣು ಬಿಟ್ಟು ಹಾಲಿಗೆ ಅತ್ತಿತು.

ಅವರು ಹಿಂದಿರುಗಿದಾಗ ನಾನು ಜಗಲಿಯಲ್ಲಿದ್ದೆ. ಅತ್ತೆ ಚಪ್ಪಲಿ ಬಿಚ್ಚದೆ ನಿಂತರು.

"ಕೊಡಿ ಅತ್ತೆ," ಅಂದೆ.

ಲ್ಯಾನ್ಸಿ ಜೀಪಿನ ಬಾಗಿಲು ಹಾಕಿದ. ಜೋರಾಗಿ.

"ಯಾಕೆ ಅಂತ ಕೇಳಬಹುದಾ?" ಅತ್ತೆ ಕೇಳಿದರು.

"ನೀವು ಹರಕೆ ಹೇಳಿದ್ದು ಆ ಜ್ವರಕ್ಕೆ. ಆ ಜ್ವರ ಇಳೀತಲ್ಲ. ಇದು ಬೇರೆ ಜ್ವರ."

ಅತ್ತೆ ಚಪ್ಪಲಿ ಬಿಚ್ಚಿ ಒಳಗೆ ಹೋದರು. ಅಡುಗೆಮನೆಯಿಂದ ಅವರ ಸ್ವರ ಕೇಳಿತು: "ಲ್ಯಾನ್ಸೀ, ಟೆಂಪೋದವನಿಗೆ ಹೇಳು."

"ಹೇಳ್ತೇನೆ," ಎಂದ ಲ್ಯಾನ್ಸಿ. ನನ್ನ ಕಡೆ ನೋಡಲಿಲ್ಲ. "ಅಳೆಯೋದು ನೀವೇ ಮತ್ತೆ."

ಕ್ರಿಸ್ಮಸ್ ದಿನ ಆಳುಗಳಿಗೆ ರಜೆ. ಆ ಬೆಳಿಗ್ಗೆ ಮನೆಯವರೇ ಹಾಲು ಕರೆಯಬೇಕು, ಅದೂ ಮಾವನ ಕಾಲದ ಕ್ರಮ. ಬೆಳಕು ಹರಿಯುವ ಮೊದಲೇ ಎದ್ದೆವು. ಲ್ಯಾನ್ಸಿ ಯಂತ್ರ ಹಿಡಿದ. ಯಂತ್ರಕ್ಕೆ ಕೊಡದ ಎಮ್ಮೆಗಳಿಗೆ ಅತ್ತೆ ಕುಕ್ಕರುಗಾಲಲ್ಲಿ ಕುಳಿತರು. ನನಗೆ ಕರೆಯಲು ಬರುವುದಿಲ್ಲ. ಬಿಸಿನೀರು ತಂದು ಒರೆಸಿದೆ. ನೀಲಿ ಚೌಕಳಿಯ ಬಟ್ಟೆಯಿಂದಲೇ.

ಹಳದಿ ಕೊಂಬಿನ ಎಮ್ಮೆಯೊಂದು ಅತ್ತೆಯ ಮುಖಕ್ಕೆ ಬಾಲ ಬೀಸಿತು.

"ನಿನಗೂ ಚಂದ್ರಬಾಯಿಯೇ ಬೇಕಾ ರಾಣಿ?" ಅತ್ತೆ ಅದನ್ನು ಕೇಳಿದರು. "ಇವತ್ತೊಂದು ದಿನ ಅಡ್ಜಸ್ಟ್ ಮಾಡು."

ಲ್ಯಾನ್ಸಿ ನಕ್ಕ. ತಾನು ನಕ್ಕದ್ದು ಕೇಳಿ ನಿಲ್ಲಿಸಿದ.

ಟೆಂಪೋ ಬಂದು ಖಾಲಿ ಹೋಯಿತು. ಫೋನ್ ಮಾಡಲು ಲ್ಯಾನ್ಸಿ ಮರೆತಿದ್ದನೋ ಅಥವಾ ಬೇಕೆಂದೇ ಮಾಡಿರಲಿಲ್ಲವೋ, ಕೇಳಲಿಲ್ಲ. ಕ್ಯಾನುಗಳನ್ನು ಅಂಗಳದ ಹುಣಿಸೆ ಮರದ ಬುಡದಲ್ಲಿ ಸಾಲಾಗಿಟ್ಟೆವು. ಗೋಡೆಯ ಮೊಳೆಯಿಂದ ಒಂದು ಲೀಟರಿನ ಅಲ್ಯೂಮಿನಿಯಮ್ ಅಳತೆ ಇಳಿಸಿ ತೊಳೆದೆ. ಅದರ ಹಿಡಿ ಅನೀಶನ ಹಸ್ತಕ್ಕೆ ಬಾಗಿತ್ತು. ಗೇಟು ತೆರೆದಿಟ್ಟೆವು. ಕುಳಿತೆವು.

ಬಿಸಿಲು ಬಂತು. ಹಟ್ಟಿಯ ತಗಡು ಟಿಕ್ ಟಿಕ್ ಎನ್ನತೊಡಗಿತು. ರಸ್ತೆಯಲ್ಲಿ ಮುರ್ಬಾಡ್ ಬಸ್ಸು ಹೋಯಿತು. ಯಾರೂ ಬರಲಿಲ್ಲ.

"ಎದ್ದಿಲ್ಲವೋ ಏನೋ," ಎಂದ ಲ್ಯಾನ್ಸಿ.

"ಪಾಡದವರು ಇಷ್ಟು ಹೊತ್ತು ಮಲಗ್ತಾರಾ? ನಿನ್ನ ಹಾಗಾ?"

ಮತ್ತೂ ಕಾದೆವು. ಅತ್ತೆ ಎದ್ದು ಗೇಟಿನ ತನಕ ಹೋಗಿ ಬಂದರು. ಎರಡನೇ ಸಲ ಹೋಗಿ ಬಂದಾಗ ಅವರ ಮುಖ ಬೇರೆಯಾಗಿತ್ತು. ಏಪ್ರಿಲಿನಲ್ಲಿ ಇಗರ್ಜಿಯ ಮೊದಲ ಬೆಂಚಿನಲ್ಲಿ ಅವರು ಕುಳಿತಿದ್ದಾಗಿನ ಮುಖ.

"ನೋಡು ಬಾಯೆ," ಅಂದರು ಮೆಲ್ಲಗೆ. "ನಾವು ಕೊಡ್ತೇವೆ ಅಂದ್ರೂ ತಗೊಳ್ಳಿಕ್ಕೆ ಅವನಿಗೆ ಮನಸ್ಸಿಲ್ಲ." ಅವನು ಎಂದರೆ ಮೇಲಿನವನು. "ಲ್ಯಾನ್ಸೀ, ಟೆಂಪೋ ಎಲ್ಲಿ ಮುಟ್ಟಿತು ಕೇಳು. ಹಾಲು ಹಾಳಾಗುದು ಬೇಡ."

ಲ್ಯಾನ್ಸಿ ಫೋನ್ ತೆಗೆದ. ಟೆಂಪೋ ಟಿಟ್ವಾಳದಲ್ಲಿತ್ತು, ತಿರುಗಿಸಿದರೆ ಅರ್ಧ ಗಂಟೆ. ಅವನು ನನ್ನ ಮುಖ ನೋಡಿದ. ಅವನಿಗೆ ಬೇಕಾದದ್ದು ಆಗಿತ್ತು. ಸಂತೋಷ ಪಟ್ಟವನಂತೆ ಕಾಣಲಿಲ್ಲ.

"ತಡಿ," ಅಂದೆ. "ನಾನು ಹೋಗಿ ಕೇಳಿ ಬರ್ತೇನೆ."

"ನೀನಾ?" ಅತ್ತೆ ತಲೆಯೆತ್ತಿದರು. "ವರ್ಷ ತುಂಬದೆ ಹಬ್ಬದ ದಿನ ಬೇರೆಯವರ ಮನೆಗೆ ಹೋಗ್ಲಿಕ್ಕೆ ಉಂಟಾ?"

"ಮನೆಯೊಳಗೆ ಹೋಗುವುದಿಲ್ಲ. ಹೊರಗಿನಿಂದ ಕೇಳ್ತೇನೆ."

ಹಟ್ಟಿಯ ಹಿಂದಿನಿಂದ ಹಳ್ಳ ದಾಟಿದರೆ ಪಾಡ. ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ. ಡಿಸೆಂಬರಿನ ನೀರು, ತಣ್ಣಗಿದ್ದಿರಬೇಕು. ನನಗೆ ಗೊತ್ತಾಗಲಿಲ್ಲ. ಎಂಟು ತಿಂಗಳಿಂದ ಅಂಥವೆಲ್ಲ ನನಗೆ ತಡವಾಗಿ ಗೊತ್ತಾಗುತ್ತವೆ, ಅಥವಾ ಗೊತ್ತಾಗುವುದಿಲ್ಲ. ಆದರೆ ಮೇಲೆ ಹತ್ತುವಾಗ ಒಂದು ವಿಷಯ ಗಮನಿಸಿದೆ. ನಾನು ಬೇಗ ಬೇಗ ನಡೆಯುತ್ತಿದ್ದೆ. ಟೆಂಪೋ ಬರುವುದರೊಳಗೆ ಯಾರಾದರೂ ಬರಬೇಕಿತ್ತು. ನನಗೆ ಅದು ಬೇಕಿತ್ತು.

ಚಂದ್ರಬಾಯಿ ತನ್ನ ಗುಡಿಸಲಿನ ಮುಂದೆ ಪಾತ್ರೆ ಬೆಳಗುತ್ತಿದ್ದಳು. ಬೆಳಗಿದ ಪಾತ್ರೆಗಳು ಬಿಸಿಲಿನಲ್ಲಿ ಕವುಚಿ ಕುಳಿತಿದ್ದವು. ಪಕ್ಕದಲ್ಲಿ ಅವಳ ಅತ್ತೆ, ಪಾಡಕ್ಕೆಲ್ಲ ಆಜಿ, ಅವರೆಕಾಯಿ ಸುಲಿಯುತ್ತಿದ್ದಳು.

"ಭಾಭಿ? ಏನಾಯ್ತು? ಎಮ್ಮೆ ಒದ್ದಿತಾ?" ಚಂದ್ರಬಾಯಿ ಬೂದಿಯ ಕೈಯಲ್ಲೇ ಎದ್ದಳು.

"ಯಾರೂ ಬರಲಿಲ್ಲ," ಅಂದೆ. ಮರಾಠಿಯಲ್ಲಿ ಮುಂದಿನ ಮಾತು ತಕ್ಷಣ ಸಿಗಲಿಲ್ಲ. "ಹಾಲು ಇದೆ. ಕಾಯ್ತಾ ಇದ್ದೇವೆ."

ಅವಳು ನನ್ನನ್ನೂ ಆಜಿಯನ್ನೂ ನೋಡಿದಳು. "ತಾರಾ ಇಲ್ಲವಲ್ಲ."

"ಸಾವಾದ ವರ್ಷ ನಮ್ಮಲ್ಲಿ ನಕ್ಷತ್ರ ಹಾಕುವುದಿಲ್ಲ. ಅದಕ್ಕೂ ಹಾಲಿಗೂ ಏನು?"

"ಅಯ್ಯೋ!" ಚಂದ್ರಬಾಯಿ ಬೂದಿಯ ಕೈ ಹಣೆಗೆ ಹಚ್ಚಿಕೊಂಡಳು. "ನಿನ್ನೆ ಸೆವ್ರಿನ್‌ಬಾಯಿ ಹೇಳಿದ್ರಲ್ಲ, ತಾರಾ ಇಲ್ಲ ಅಂತ! ನಾನು ಬಂದು ಪಾಡಕ್ಕೆಲ್ಲ ಹೇಳಿದೆ, ಅನೀಶಭಾವೂ ಹೋದ, ಹಾಲೂ ಹೋಯ್ತು ಅಂತ."

ನಮಗೆ ನಕ್ಷತ್ರ ಏಸು ಹುಟ್ಟಿದ್ದಕ್ಕೆ. ಬಿದಿರಿನ ತುದಿಯ ಆ ದೀಪ ಹಳ್ಳದಾಚೆಯಿಂದ ಏನಾಗಿ ಕಾಣುತ್ತಿತ್ತು ಎಂದು ಇಷ್ಟು ವರ್ಷ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಇಲ್ಲಿ ಅದು ನಾಳೆ ಹಾಲಿಗೆ ಬನ್ನಿ ಎನ್ನುವ ಕರೆ.

"ಸರಿ, ಈಗ ಕರೀತಾ ಇದ್ದೇನಲ್ಲ," ಅಂದೆ. "ಬನ್ನಿ."

ಆಜಿ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. "ನೀನು ಯಾರು ಕರೆಯಲಿಕ್ಕೆ? ನಿನ್ನೆ ಮೊನ್ನೆ ಬಂದ ಸೊಸೆ. ಬೋನ ಶೇಟ್ ಇದ್ದಾಗಿಂದ ತಾರಾ ಕಂಡರೆ ಹೋಗುವುದು, ಕಾಣದಿದ್ದರೆ ಇಲ್ಲ. ಸುಮ್ಮನೆ ಪಾತ್ರೆ ಹಿಡಿದು ಹೋದರೆ ಅದಕ್ಕೆ ಬೇರೆ ಹೆಸರಿದೆ." ಒಂದು ಕಾಯಿ ಸುಲಿದು ಕಾಳನ್ನು ಬಟ್ಟಲಿಗೆ ಹಾಕಿದಳು. "ತಾರಾ ಲಾವಾ. ಯೇತೋ."

ನಕ್ಷತ್ರ ಹಾಕಿ. ಬರುತ್ತೇವೆ.

ಹಿಂದಿರುಗಿ ಬಂದು ಹೇಳಿದೆ. ಅತ್ತೆ ಮೊದಲು ನಂಬಲಿಲ್ಲ. ಆಮೇಲೆ ಹುಣಿಸೆ ಮರಕ್ಕೆ ಒರಗಿ ನಿಂತು, "ನಾನೇ ಹೇಳಿದೆ," ಅಂದರು. "ನನ್ನ ಬಾಯಿಂದಲೇ ಬೇಡ ಅಂತ ಹೇಳಿ ಕಳಿಸಿದೆ. ಮತ್ತೆ ದೇವರಿಗೆ ಬೈದೆ."

"ಹಾಗಾದರೆ ಹಾಕುವ."

"ಹೇಗೆ ಹಾಕುದು? ಮೊದಲ ವರ್ಷ! ಈಗ ಬೆಳಗಿನ ಪೂಜೆ ಬಿಟ್ಟು ಜನ ಇದೇ ರಸ್ತೆಯಲ್ಲಿ ಬರ್ತಾರೆ. ಸ್ಟೆಲ್ಲಾ ನೋಡಿದ್ರೆ ಸಾಕು, ಮಂಗಳೂರಿಗೆ ಮುಟ್ಟಿಸ್ತಾಳೆ. ಮಗ ಸತ್ತು ಒಂಬತ್ತು ತಿಂಗಳಾಗಲಿಲ್ಲ, ಸೆವ್ರಿನ್ ನಕ್ಷತ್ರ ಹೊತ್ತಿಸಿದ್ದಾಳೆ ಅಂತ."

ಅವರು ಹೇಳಿದ್ದು ಸರಿಯೇ. ಆಜಿ ಹೇಳಿದ್ದೂ ಸರಿ.

ಮನೆಯೊಳಗೆ ಏನೋ ಬಿದ್ದ ಸದ್ದಾಯಿತು. ಲ್ಯಾನ್ಸಿ ಅಟ್ಟದ ಏಣಿ ಇಳಿಯುತ್ತಿದ್ದ. ಹೆಗಲ ಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ದೊಡ್ಡದೊಂದು ವಸ್ತು. ಅಂಗಳಕ್ಕೆ ತಂದು ಬಿಚ್ಚಿದ. ಬಿಳಿ ಕಾಗದ, ಅಂಚಿಗೆ ನೀಲಿ. ಒಂದು ಮೂಲೆ ಉದ್ದ. ಇನ್ನೊಂದರಲ್ಲಿ ಇಲಿ ಕಡಿದ ಸಣ್ಣ ತೂತು. ಒಳಗೆ ವೈರಿನ ತುದಿಯಲ್ಲಿ ಕಳೆದ ವರ್ಷದ ಬಲ್ಬು.

ಮೂವರೂ ನೋಡಿದೆವು.

"ಟೆಂಪೋ?" ಎಂದು ಕೇಳಿದೆ.

"ಬೇಡ ಅಂದೆ," ಎಂದ ಲ್ಯಾನ್ಸಿ. ಮೂಗು ಒರೆಸಿಕೊಂಡ. "ಅಟ್ಟದಲ್ಲಿ ಧೂಳು."

ಅತ್ತೆ ಬಗ್ಗಿದರು. ಕಾಗದದ ಕಿಂಡಿಯಿಂದ ಕೈ ಹಾಕಿ, ಒಳಗೆ ತಡಕಿ, ಬಲ್ಬು ತಿರುಗಿಸಿ ತೆಗೆದರು. ಸೆರಗಿನಿಂದ ಒರೆಸಿ ತುದಿಗೆ ಗಂಟು ಹಾಕಿಕೊಂಡರು.

"ಈಗ ಕಟ್ಟು," ಅಂದರು. "ದೀಪ ಇಲ್ಲದ್ದು ನಕ್ಷತ್ರ ಅಲ್ಲ. ಸ್ಟೆಲ್ಲಾ ಕೇಳಿದ್ರೆ, ಪಾಡದವರಿಗೆ ಗುರುತಿಗೆ ಕಟ್ಟಿದ್ದು ಅಂತ ನಾನು ಹೇಳ್ತೇನೆ."

ರಾಟೆ ಇರಲಿಲ್ಲ. ಲ್ಯಾನ್ಸಿ ಬಿದಿರನ್ನೇ ಗುಂಡಿಯಿಂದ ಕಿತ್ತು ಮಲಗಿಸಿದ. ತುದಿಗೆ ನಕ್ಷತ್ರ ಕಟ್ಟಿ ಇಬ್ಬರೂ ಎತ್ತಿ ನಿಲ್ಲಿಸಿದೆವು. "ಮೆಲ್ಲ," ಎಂದ ಅವನು. ನಾನು ಮೆಲ್ಲಗೆ ಎತ್ತುತ್ತಿರಲಿಲ್ಲ. ಮೇಲೆ ಹೋದ ಮೇಲೆ ಅದು ಗಾಳಿಗೆ ಸ್ವಲ್ಪ ತಿರುಗಿ, ಉದ್ದದ ಮೂಲೆಯನ್ನು ಕೆಳಗೆ ಮಾಡಿ ನಿಂತಿತು. ಹಗಲಿನಲ್ಲಿ ಬರೀ ಕಾಗದ. ಹಳ್ಳದಾಚೆಗೆ ಕಾಣುತ್ತದೋ ಇಲ್ಲವೋ ಎಂದುಕೊಂಡೆ.

ಕಾಣಿಸಿತು. ಮೊದಲು ಕೇಳಿದ್ದು ಪಾತ್ರೆಗಳ ಸದ್ದು, ಆಮೇಲೆ ಮಾತು, ಆಮೇಲೆ ಗೇಟಿನಲ್ಲಿ ಚಂದ್ರಬಾಯಿ. ಅವಳ ಹಿಂದೆ ಹೆಂಗಸರು, ಮಕ್ಕಳು. ಹಬ್ಬಕ್ಕೆಂದು ಉಡುವ ಬಣ್ಣದ ಸೀರೆ ಯಾರ ಮೈಮೇಲೂ ಇರಲಿಲ್ಲ. ಕೊನೆಗೆ ಆಜಿ, ಕೋಲೂರಿ, ಹೊಳೆಯುವ ತಂಬಿಗೆ ಹಿಡಿದು.

ಅಳತೆ ಕೈಗೆ ತೆಗೆದುಕೊಂಡೆ. ಲ್ಯಾನ್ಸಿ ಕ್ಯಾನ್ ಬಗ್ಗಿಸಿದ. ಒಂದೊಂದೇ ಪಾತ್ರೆಗೆ ಸರಿಯಾಗಿ ಗೆರೆಯವರೆಗೆ ಅಳೆದು ಹಾಕಿದೆ. ಒಂದು ಹನಿ ಹೊರಗೆ ಹೋಗಲಿಲ್ಲ. ನಾಲ್ಕೈದು ಜನ ತೆಗೆದುಕೊಂಡು ಸರಿದರು. ಆಜಿಯ ಸರದಿ ಬಂತು. ಅವಳು ತಂಬಿಗೆ ಹಿಡಿದು, ನಾನು ಹಾಕಿದ್ದನ್ನು ನೋಡಿ, ತಂಬಿಗೆ ಹಿಂದೆ ತೆಗೆಯಲಿಲ್ಲ.

"ಇದೇನು, ಡೇರಿಯ ಹಾಲಾ?" ಅಂದಳು. "ನಿನ್ನ ಗಂಡ ಹಾಕಿದರೆ ನೆಲಕ್ಕೂ ಸಿಗುತ್ತಿತ್ತು."

ಹಿಂದೆ ಯಾರೋ ನಕ್ಕರು. ನಿಜ. ಅವನು ಅಳತೆ ತುಂಬಿ ಹೊರಚೆಲ್ಲುವಷ್ಟು ಎತ್ತುತ್ತಿದ್ದ. ಅವನ ಪ್ಯಾಂಟು, ನನ್ನ ಸೀರೆಯ ಅಂಚು ಎಲ್ಲ ಹಾಲಾಗುತ್ತಿತ್ತು. ನಾನು ಪ್ರತಿ ವರ್ಷ ಬೈಯುತ್ತಿದ್ದೆ.

ಅಳತೆಯನ್ನು ಕ್ಯಾನಿನೊಳಗೆ ಪೂರ್ತಿ ಮುಳುಗಿಸಿ ಎತ್ತಿದೆ. ತಂಬಿಗೆ ತುಂಬಿ, ಆಜಿಯ ಬೆರಳು ತೊಯ್ದು, ನನ್ನ ಕಾಲ ಮೇಲೆ ಬಿತ್ತು. ಬೆಳಗಿನ ಜಾವ ಕರೆದ ಹಾಲು, ಆರಿ ತಣ್ಣಗಾಗಿತ್ತು. ಬೆರಳುಗಳ ಸಂದಿಗೆ ಇಳಿಯಿತು. ತಣ್ಣಗಿದೆ, ಎಂದುಕೊಂಡೆ. ಕಾಲು ಹಿಂದೆ ತೆಗೆಯಲಿಲ್ಲ.

"ಹಾಂ," ಎಂದಳು ಆಜಿ.

ಆಮೇಲೆ ಎಲ್ಲರಿಗೂ ಹಾಗೆಯೇ ಹಾಕಿದೆ. ಹಟ್ಟಿಯ ನಾಯಿ ಬಂದು ಮರದ ಬುಡದಲ್ಲಿ ನೆಕ್ಕತೊಡಗಿತು. ಲ್ಯಾನ್ಸಿಯ ಅಂಗಿ ಒದ್ದೆಯಾಯಿತು. ಅತ್ತೆ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದವರು, "ಮೆಲ್ಲ ಮಾರಾಯ್ತಿ, ಕಡೆಯವಳಿಗೆ ಉಳೀಬೇಕು," ಅಂದರು. ಉಳಿಯಿತು.

ರಸ್ತೆಯಲ್ಲಿ ಪೂಜೆ ಬಿಟ್ಟ ಜನರ ಕಾರುಗಳು ಹೋದವು. ಒಂದು ನಿಧಾನವಾಗಿ, ನಿಂತು ಹೋಯಿತು. ಅತ್ತೆ ಆ ಕಡೆ ಕೈಯೆತ್ತಿದರು, ಇಳಿಸಿದರು.

ಸಂಜೆಗೆ ಮೊದಲು ನಕ್ಷತ್ರ ಇಳಿಸಿ ಬೆಡ್‌ಶೀಟಿನಲ್ಲಿ ಸುತ್ತಿಟ್ಟೆವು. ಮರುದಿನ ನನಗೆ ಕಚೇರಿ ಇತ್ತು. ಲ್ಯಾನ್ಸಿ ಕಲ್ಯಾಣ ಸ್ಟೇಷನ್ನಿಗೆ ಬಿಡುತ್ತೇನೆಂದು ಜೀಪು ತೆಗೆದ. ಅತ್ತೆ ಕುಸ್ವಾರಿನ ಡಬ್ಬಿ ಕೊಟ್ಟರು, "ಸ್ಟೆಲ್ಲಾದ್ದು ನಿನ್ನಮ್ಮನಿಗೆ ಕೊಡ್ಬೇಡ, ನಾವು 'ಸಕ್ಕರೆ ಹಾಕುದಿಲ್ಲ' ಅಂತ ತಿಳ್ಕೊಂಡಾರು." ಆಮೇಲೆ ಸೆರಗಿನ ಗಂಟು ಬಿಚ್ಚಿ ಬಲ್ಬು ತೆಗೆದು ನನ್ನ ಕೈಯಲ್ಲಿಟ್ಟರು.

"ಇದನ್ನು ನೀನು ಇಟ್ಕೊ. ನಾನು ಎಲ್ಲಿಟ್ಟೆ ಅಂತ ಮರೀತೇನೆ. ಮುಂದಿನ ವರ್ಷ ಬರುವಾಗ ತಾ."

ಕಲ್ಯಾಣದಿಂದ ಲೋಕಲ್ ಸಿಕ್ಕಿತು. ಹಬ್ಬದ ಜನ, ಲೇಡೀಸ್ ಡಬ್ಬಿಯಲ್ಲೂ ನಿಲ್ಲಲು ಜಾಗವಿರಲಿಲ್ಲ. ಬ್ಯಾಗಿನಲ್ಲಿಟ್ಟರೆ ಒಡೆಯುತ್ತದೆಂದು ಬಲ್ಬನ್ನು ದುಪಟ್ಟಾದಲ್ಲಿ ಸುತ್ತಿ ಎದೆಯ ಹತ್ತಿರ ಹಿಡಿದಿದ್ದೆ. ಠಾಕುರ್ಲಿಯಲ್ಲಿ ಒಂದಿಷ್ಟು ಜನ ನುಗ್ಗಿದರು.

"ಅರೇ, ಝರಾ ಅಂದರ್ ಹೋ ನಾ!" ಸ್ವಲ್ಪ ಒಳಗೆ ಸರಿಯಲು ಹೇಳಿದಳು ಹಿಂದಿನವಳು. ಅವಳ ಮೊಣಕೈ ನನ್ನ ಕಡೆ ಬಂತು.

ನಾನು ಬೆನ್ನು ತಿರುಗಿಸಿ ನಿಂತೆ. ಮೊಣಕೈ ಬೆನ್ನಿಗೆ ಬಿತ್ತು. ನೋಯಿತು. ಡೊಂಬಿವಲಿ ಬರುವವರೆಗೂ ಹಾಗೆಯೇ ನಿಂತಿದ್ದೆ.